ಕಾಲರಿನಿಂದ ಶುರು

ಮರುದಿನ ಮೌಖಿಕ ಪರೀಕ್ಷೆ. ಹಾಗಾಗಿ ಆ ದಿನ ಪಾಠವಿಲ್ಲ, ಪೂರ್ತಿ ರಿವಿಷನ್ನು. ಲಾಂಡ್ರಿಯ ಮಹಡಿ ಕೋಣೆಯಲ್ಲಿ ಬೆಳಗಿನ ಏಳಕ್ಕೇ ಒಂಬತ್ತು ಜನ ಹಾಜರಿದ್ದೆವು. ಕೆಳಗೆ ಬಾಯ್ಲರ್ ಹೊತ್ತಿಕೊಂಡಿತ್ತು. ನೆಲದ ಸಂದಿಯಿಂದ ಹಬೆ ಎದ್ದು, ಬೋರ್ಡಿನ ಮೇಲೆ ಮೇಡಂ ಬರೆದ ಅಕ್ಷರಗಳೆಲ್ಲ ಬೆವರುತ್ತಿದ್ದವು.

ನಾವು ಓದು ಬಿಟ್ಟು ಯುಗವಾದವರು. ಈಗ ಬುದ್ಧಿ ಬಂದು, ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ ಕೂತು ಶಾಲೆಯ ಕೊನೆಯ ಪರೀಕ್ಷೆಗೆ ತಯಾರಾಗುವವರು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ಮಾತು ಕಡಿಮೆಯೆಂದು ಪಕ್ಕದ ಬೆಂಚಿನ ಬಸ್ ಕಂಡಕ್ಟರ್ ನನಗೆ 'ಮೌನಿಸ್ವಾಮಿ' ಎಂದು ಹೆಸರಿಟ್ಟಿದ್ದ. ಪಾಠ ಹೇಳುವ ಮೇಡಂ ಲಾಂಡ್ರಿ ಮಾಲೀಕರ ಸೊಸೆ. ನಮ್ಮೆಲ್ಲರಿಗಿಂತ ಚಿಕ್ಕವರು, ನಮ್ಮೆಲ್ಲರನ್ನೂ "ಮಕ್ಕಳೇ" ಎಂದು ಕರೆಯುವವರು.

ಇನ್ನು ಇಸ್ತ್ರಿ ಅತ್ತೆ. ಕೆಳಗೆ ಇದೇ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತು ಇಸ್ತ್ರಿ ಮಾಡುತ್ತಿದ್ದವಳು. ಯಾರಿಗೂ ಸ್ವಂತ ಅತ್ತೆಯಲ್ಲ, ಎಲ್ಲರಿಗೂ ಅತ್ತೆ. ಮಂಡಿ ಸವೆದು ಹೋಗಿತ್ತು. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಗೆ ಮೇಲ್ವಿಚಾರಕಿ ಬೇಕಾಗಿದ್ದಳು. "ನೀನೇ ಬಾ, ಆದರೆ ಪಾಸಾದ ಕಾಗದ ತಗೊಂಡು ಬಾ" ಎಂದಿದ್ದರು. "ಅಲ್ಲಿ ಕುರ್ಚಿ ಇದೆ ಕಣ್ರೋ, ಕುರ್ಚಿ!" ಎಂದು ಅತ್ತೆ ಹೇಳುವಾಗ ಸಿಂಹಾಸನವೇ ಕಣ್ಣಿಗೆ ಕಟ್ಟುತ್ತಿತ್ತು. ಬೇರೆ ಐದು ವಿಷಯ ಮೊದಲ ಏಟಿಗೇ ಪಾಸು. ಇಂಗ್ಲಿಷಿನ ಬರವಣಿಗೆಯೂ ಪಾಸು. ಮೌಖಿಕದಲ್ಲಿ ಮಾತ್ರ ಎರಡು ಸಲ ಬಾಯಿಗೆ ಬೀಗ ಹಾಕಿಕೊಂಡು ನಿಂತು ಬಂದಿದ್ದಳು. ಇದು ಮೂರನೆಯ ಸಲ, ಕೊನೆಯ ಸಲ. ಇದೂ ಹೋದರೆ ಆರೂ ವಿಷಯ ಮತ್ತೆ ಮೊದಲಿನಿಂದ.

ಮೇಡಂ ಅವತ್ತು ಅತ್ತೆಯಿಂದಲೇ ಶುರು ಮಾಡಿದರು. "ಅತ್ತೆ, ಪರ್ಸಾನಿಫಿಕೇಶನ್ ಅಂದರೆ?"

ಅತ್ತೆ ಕಣ್ಣು ಮುಚ್ಚಿದಳು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಕೆಳಗೆ ಒಂದು ಅಂಗಿಯಾದರೂ ಒಣಗಿರಬೇಕು, ಅಷ್ಟು ಹೊತ್ತು. ಮೇಡಂ ಪಾಪವೆನ್ನಿಸಿ ಕಂಡಕ್ಟರನತ್ತ ತಿರುಗಿದರು. "ನೀವು ಹೇಳಿ, ರಿಲಕ್ಟೆಂಟ್ ಅಂದರೇನು?"

ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು ಗುಡುಗಿದಳು: "ಜೀವ ಇಲ್ಲದ ವಸ್ತುವಿಗೆ ಮನುಷ್ಯರ ಗುಣ ಕೊಡೋದು!"

ಕೋಣೆ ಘೊಳ್ಳೆಂದಿತು. "ಅತ್ತೆ ಬಸ್ಸು ಬಂತು!" ಎಂದ ಕಂಡಕ್ಟರ್. ಅದು ಅವನ ಹಳೆಯ ಜೋಕು. ವರ್ಷವಿಡೀ ಹೀಗೆಯೇ ಆಗಿತ್ತು. ಏನು ಕೇಳಿದರೂ ಅತ್ತೆ ಎತ್ತಲೋ ಉತ್ತರ ಹೇಳುತ್ತಾಳೆ ಎಂದು ಎಲ್ಲರೂ ನಂಬಿಬಿಟ್ಟಿದ್ದರು.

ನಾನು ಅವಳ ಹಿಂದಿನ ಬೆಂಚಿನವನು. ಆ ಅಲುಗುವ ತುಟಿಯಿಂದ ನನಗೊಂದು ಧಾಟಿ ಕೇಳುತ್ತಿತ್ತು, ಬೆಳಗಿನ ಹೊತ್ತು ದೇವರ ಮುಂದೆ ಹೇಳಿಕೊಳ್ಳುವ ಪದ್ಯದ್ದು. ಅದು ಬೆಳಗಿನ ಒಲೆಯ ಮೇಲೆ ನೀರು ಕಾಯುವ ಸದ್ದಿನಷ್ಟು ಸಣ್ಣದು. ವರ್ಷದಿಂದ ಕೇಳುತ್ತಿದ್ದೆ, ಸುಮ್ಮನಿದ್ದೆ. ಅವತ್ತು ತಡೆಯಲಾಗಲಿಲ್ಲ.

"ಮೇಡಂ," ಎಂದೆ. ಎಲ್ಲರೂ ಗೋಡೆ ಮಾತಾಡಿತೋ ಎಂಬಂತೆ ತಿರುಗಿದರು. "ಅತ್ತೆ ಹೇಳಿದ್ದು ತಪ್ಪಲ್ಲ. ತಡ. ಹಿಂದಿನ ಪ್ರಶ್ನೆಗೆ ಅದೇ ಉತ್ತರ."

ಮೇಡಂ ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟ ಮೌಖಿಕ ಕಿರುಪರೀಕ್ಷೆಗಳ ಪ್ರಶ್ನೋತ್ತರಗಳನ್ನು ತೆರೆದರು. ಅತ್ತೆಯ ಉತ್ತರಗಳನ್ನೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿಸಿ ನೋಡಿದರೆ ಎಲ್ಲವೂ ಸರಿ. ಒಂದೂ ಬಿಡದೆ!

"ಅತ್ತೆ, ಕಣ್ಣು ಮುಚ್ಚಿಕೊಂಡು ಏನು ಮಾಡ್ತೀರಿ?"

ಅತ್ತೆ ಸೆರಗಿನ ತುದಿ ಹಿಂಡಿದಳು. "ಇನ್ನೇನು ಮಾಡ್ತಾರೆ? ಶುರುವಿಂದ ಹೇಳ್ಕೋತೀನಿ. ಇಪ್ಪತ್ತನಾಲ್ಕು ಪದ, ಅರ್ಥ ಸಮೇತ, ಅಲಿಟರೇಶನ್ನಿಂದ ಹಿಡಿದು. ಅಮ್ಮ ಹೇಳಿಕೊಡ್ತಿದ್ದ ದೇವರ ಪದ್ಯದ ಧಾಟಿಗೆ ಕೂರಿಸಿದೀನಿ. ನಡುವಿಂದ ಎತ್ತಿದರೆ ಬರಲ್ಲಮ್ಮ. ಪದ್ಯಾನ ಯಾರಾದರೂ ಸೊಂಟದಿಂದ ಎತ್ತುತ್ತಾರಾ?"

ಬರವಣಿಗೆಯಲ್ಲಿ ಮೂರು ಗಂಟೆ ಇತ್ತು, ಸಾಕಾಯಿತು. ಮೌಖಿಕದಲ್ಲಿ ಒಂದು ಪ್ರಶ್ನೆಗೆ ಎರಡೇ ನಿಮಿಷ. ಎರಡು ಸಲವೂ ಮನಸ್ಸಿನಲ್ಲಿ ಹೇಳಿಕೊಂಡು ಅರ್ಧ ದಾರಿ ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಕಂಡಕ್ಟರ್ ತೊಡೆ ತಟ್ಟಿಕೊಂಡು ಎದ್ದ. "ಇಷ್ಟೇನಾ! ಅತ್ತೆ, ಬಸ್ಸಿಗೆ ಮಧ್ಯದ ಸ್ಟಾಪಲ್ಲೂ ಹತ್ತಬಹುದು." ತನ್ನ ಖಾಕಿ ಅಂಗಿ ಕಳಚಿ, ಬನಿಯನ್ನಿನಲ್ಲೇ ನಿಂತು ತೋಳು ಮುಂದೆ ಹಿಡಿದ. "ನೋಡಿ, ಈ ತೋಳೊಂದೇ ಮುದುಡಿದೆ. ತೋಳಿಗೆ ಮಾತ್ರ ಇಸ್ತ್ರಿ ಹಾಕಿ. ಅಭ್ಯಾಸ ಆಗಲಿ."

ಅತ್ತೆ ಅಂಗಿ ತಗೊಂಡು ಕೆಳಗೆ ಹೋದಳು. ನಾವೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತು ನೋಡಿದೆವು. ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ಬಂತು, ಗಾಳಿಯಲ್ಲಿ ನಡುಗಿತು, ನಿಂತಿತು. ಆಮೇಲೆ ಕಳ್ಳ ಬೆಕ್ಕಿನ ಹಾಗೆ ಕಾಲರಿನತ್ತ ನಡೆಯಿತು.

"ಆಗಲ್ಲ ಕಣೋ," ಎಂದಳು. "ಕಾಲರ್ ಆಗದೆ ತೋಳಿಗೆ ಹೋದರೆ ಕೈಗೆ ಪಾಪ ಸುತ್ತಿಕೊಂಡ ಹಾಗೆ."

ಮೇಡಂ ನಕ್ಕು ನಕ್ಕು ಮೆಟ್ಟಿಲ ಮೇಲೇ ಕುಸಿದರು. ಕಣ್ಣೊರೆಸಿಕೊಂಡು, "ಸರಿ, ಕಾಲರಿನಿಂದಲೇ ಶುರು ಮಾಡಿ. ಆದರೆ ಮನಸ್ಸಿನಲ್ಲಿ ಬೇಡ, ಜೋರಾಗಿ. ಬಾಯಿಂದ ಬಂದದ್ದಕ್ಕೆಲ್ಲ ಅಂಕ ಇದೆ. ಮತ್ತೆ ಸ್ಪೀಡಾಗಿ!" ಎಂದರು.

ಅವತ್ತು ಬೆಳಿಗ್ಗೆ ಆ ಲಾಂಡ್ರಿಯಲ್ಲಿ ಆದದ್ದನ್ನು ಏನೆಂದು ಹೇಳಲಿ! ಅತ್ತೆ ಇಸ್ತ್ರಿ ಮೇಜಿಗೆ ಬಡಿದು ತಾಳ ಹಾಕಿದಳು. ನಾವು ದನಿಗೂಡಿಸಿದೆವು. ನಾಲ್ಕು ಪದಕ್ಕೊಮ್ಮೆ ಉಸಿರಿಗೆ ಜಾಗ ಬೇಕೆಂದು ಕಂಡಕ್ಟರ್ "ರೈಟ್, ರೈಟ್!" ಎಂದು ಸೇರಿಸಿದ. ಮೊದಲ ಸಲ ಐದು ನಿಮಿಷ, ಆಮೇಲೆ ನಾಲ್ಕು, ಆಮೇಲೆ ಮೂರು, ಕೊನೆಗೆ ಎರಡೂಕಾಲು. ಬಟ್ಟೆ ಕೊಡಲು ಬಂದವರು ಬಟ್ಟೆ ಮರೆತು ತಲೆದೂಗಿದರು.

ಒಂದು ಕಡೆ ಮಾತ್ರ ಅತ್ತೆ ಪ್ರತಿ ಸಲ ಎಡವಿದಳು. ಹತ್ತೊಂಬತ್ತನೆಯ ಪದ, ಪಾಯಿಂಟ್ ಆಫ್ ವ್ಯೂ. 'ನಾನು' ಎಂದು ಹೇಳುವ ಕಥೆ, 'ಅವಳು' ಎಂದು ಹೇಳಿ ಒಬ್ಬಳ ಮನಸ್ಸಿನಲ್ಲೇ ಇರುವ ಕಥೆ, ಎಲ್ಲರ ಮನಸ್ಸೂ ಬಲ್ಲವನು ಹೇಳುವ ಕಥೆ. ಆ ಮೂರನೆಯದಕ್ಕೆ ಅವಳ ನಾಲಿಗೆ ಏಳುತ್ತಿರಲಿಲ್ಲ.

"ಎಲ್ಲರ ಮನಸ್ಸು ಬಲ್ಲವನು ಮೇಲಿರೋನು ಒಬ್ಬನೇ. ಕಥೆ ಬರೆಯೋನು ಯಾವ ದೊಡ್ಡ ಮನುಷ್ಯ?"

"ನೀವೇ ಬಲ್ಲಿರಲ್ಲ ಅತ್ತೆ," ಎಂದ ಕಂಡಕ್ಟರ್. "ಮೊನ್ನೆ ನನ್ನ ಅಂಗಿ ನೋಡಿ, ಹೆಂಡತಿ ಹತ್ರ ಮಾತು ಬಿಟ್ಟಿದೀಯಾ ಅಂದ್ರಿ!"

"ಅದು ಗುಂಡಿ ಹೇಳಿತು ಕಣೋ. ನೀನೇ ಹೊಲಿದುಕೊಂಡಿದ್ದೆ, ಕಪ್ಪು ಅಂಗಿಗೆ ಬಿಳಿ ದಾರ."

ಮರುದಿನ ಪರೀಕ್ಷಾ ಕೇಂದ್ರ. ಒಬ್ಬರನ್ನು ಪ್ರಶ್ನೆ ಕೇಳುವಾಗ ಮುಂದಿನವರು ಒಳಗೇ ಗೋಡೆಯ ಬದಿಯ ಬೆಂಚಿನಲ್ಲಿ ಕೂತಿರಬೇಕು. ಅತ್ತೆಯ ನಂತರದ ನಂಬರು ನನ್ನದು. ಫ್ಯಾನು ಕೆಟ್ಟಿತ್ತು. ಪರೀಕ್ಷಕರು ಕೋಟು ಹಾಕಿಕೊಂಡು ಮೇಣದಬತ್ತಿಯಂತೆ ಕರಗುತ್ತಿದ್ದರು. ಮೇಜಿನ ಮೇಲೆ ಒತ್ತುವ ಗಂಟೆ.

"ಪಾಯಿಂಟ್ ಆಫ್ ವ್ಯೂ ಎಂದರೇನು? ಎಷ್ಟು ಬಗೆ?"

ಎಲ್ಲ ಬಿಟ್ಟು ಅದೇ. ಹತ್ತೊಂಬತ್ತು! ಅತ್ತೆ ಕಣ್ಣು ಮುಚ್ಚಿದಳು. ಮುಚ್ಚಿಬಿಟ್ಟಳಲ್ಲಾ, ಕುರ್ಚಿ ಹೋಯಿತಲ್ಲಾ ಎಂದುಕೊಳ್ಳುವಷ್ಟರಲ್ಲಿ ಮತ್ತೆ ತೆರೆದಳು.

"ಸರ್, ಐ ಸಿಂಗ್?"

"ಇದು ಇಂಗ್ಲಿಷ್ ಪರೀಕ್ಷೆಯಮ್ಮ, ಸಂಗೀತದ್ದಲ್ಲ."

"ಇಂಗ್ಲಿಷ್ ಸಾಂಗ್, ಸರ್!" ಎಂದವಳೇ ಮೇಜಿಗೆ ಗುದ್ದಿ ಅಲಿಟರೇಶನ್ನಿನಿಂದ ಹೊರಟಳು. ಗಂಟೆ ಎಗರಿ ತಾನೇ ಟಿಣ್ ಎಂದಿತು. ಅದು ಬಿದ್ದೀತೆಂದು ಪರೀಕ್ಷಕರು ಅದನ್ನೆತ್ತಿ ಹೊಟ್ಟೆಗವಚಿಕೊಂಡರು. ಸಿಮಿಲಿ ಹೋಯಿತು, ಮೆಟಫರ್ ಹೋಯಿತು, ಐರನಿ ಹೋಯಿತು. ನಾಲ್ಕು ಪದ ಮುಗಿದಾಗಲೆಲ್ಲ ಮುಚ್ಚಿದ ಬಾಗಿಲಿನ ಆಚೆಯಿಂದ ಏಳು ಗಂಟಲು, "ರೈಟ್, ರೈಟ್!" ಜವಾನ ಗದರಿದ್ದು ಕೇಳಿಸಿತು, ಮುಂದಿನ ಸಲ ಜವಾನನ ದನಿಯೂ ಸೇರಿದಂತೆ ಕೇಳಿಸಿತು. ಗೋಡೆ ಗಡಿಯಾರದಲ್ಲಿ ಹತ್ತು ಸೆಕೆಂಡು ಉಳಿದಿದ್ದಾಗ ಹತ್ತೊಂಬತ್ತು ಬಂತು. ಒಂದು, ಎರಡು... ಮೂರನೆಯದಕ್ಕೆ ಅತ್ತೆ ಒಮ್ಮೆ ಸೂರು ನೋಡಿ, ಕ್ಷಮೆ ಕೇಳಿದವಳಂತೆ ಕೈ ಮುಗಿದು, ಹೇಳಿಯೇ ಬಿಟ್ಟಳು.

ಪರೀಕ್ಷಕರು ಮುಖ ಒರೆಸಿಕೊಂಡರು. "ಬಾಯಿಪಾಠ ಆಯಿತು. ಈಗ ಎರಡನೆಯ ಪ್ರಶ್ನೆ. ಆ ಮೂರನೆಯ ಬಗೆಯಲ್ಲಿ, ಈ ಕೋಣೆಯಲ್ಲಿ ನಡೆಯುತ್ತಿರುವುದನ್ನೇ ಕಥೆಯಾಗಿ ಹೇಳಿ. ಎರಡು ನಿಮಿಷ."

ಇದಕ್ಕೆ ಧಾಟಿ ಇರಲಿಲ್ಲ. ಕಾಲರ್ ಎಲ್ಲಿದೆಯೆಂದೇ ಗೊತ್ತಿಲ್ಲದ ಪ್ರಶ್ನೆ. ಅತ್ತೆ ಪರೀಕ್ಷಕರನ್ನು ನೋಡಿದಳು. ಮುಖವನ್ನಲ್ಲ, ಅಂಗಿಯನ್ನು. ಕಾಲರ್ ಅಲ್ಲೇ ಇತ್ತು.

ಅವಳು ಹೇಳಿದ್ದು ಕುಂಟು ಇಂಗ್ಲಿಷಿನಲ್ಲಿ. ನಮ್ಮ ಮಾತಿನಲ್ಲಿ ಬರೆದರೆ ಹೀಗೆ.

"ಒಂದು ಕೋಣೆಯಲ್ಲಿ ಒಬ್ಬ ಯಜಮಾನರು, ಒಬ್ಬಳು ಇಸ್ತ್ರಿಯವಳು. ಅವಳಿಗೆ ಭಯ. ಕುರ್ಚಿ ಬೇಕು ಅಂತ ಮನಸ್ಸಿನಲ್ಲಿದೆ. ಯಜಮಾನರ ಕಾಲರ್ ತುದಿ ಹೊಳೆಯುತ್ತೆ. ಒದ್ದೆ ಇರುವಾಗಲೇ ತಾವೇ ಇಸ್ತ್ರಿ ಒತ್ತಿದಾರೆ. ಎದೆಯ ಮೇಲೆ ಪೆಟ್ಟಿಗೆಯ ಮೂಗಿನ ಗುರುತು. ಅಂದರೆ ಅವಸರ. ಅವಸರದವರು ಮುಂದೆ ಮಾತ್ರ ಒತ್ತುತ್ತಾರೆ, ಬೆನ್ನು ಬಿಡ್ತಾರೆ. ಅದಕ್ಕೇ ಇಷ್ಟು ಸೆಕೆಯಲ್ಲೂ ಕೋಟು ತೆಗೆದಿಲ್ಲ. ಯಜಮಾನರು ಮನಸ್ಸಿನಲ್ಲಿ ಅಂದುಕೊಳ್ತಿದಾರೆ: ಇವಳು ಹೋಗಲಿ, ಆ ಬೆಂಚಿನ ಮೇಲಿನವನೂ ಹೋಗಲಿ, ಬಾಗಿಲು ಹಾಕಿ ಕೋಟು ಕಳಚ್ತೀನಿ. ಬೆಂಚಿನ ಮೇಲಿನವನು ಅಂದುಕೊಳ್ತಿದಾನೆ: ಅಯ್ಯೋ, ನಗು ಬರ್ತಿದೆ, ನಗಬಾರದು."

ನಾನು ನಕ್ಕೆ. ತಡೆದದ್ದೆಲ್ಲ ಮೂಗಿನಿಂದ ಹೊರಬಂತು. ಆಮೇಲೆ ಪರೀಕ್ಷಕರ ಹೊಟ್ಟೆ ಕುಲುಕಿತು, ಹೊಟ್ಟೆಗವಚಿದ್ದ ಗಂಟೆ ಟಿಣ್ ಟಿಣ್ ಟಿಣ್ ಎಂದಿತು. ಎದ್ದು ಕೋಟು ಕಳಚಿ ಕುರ್ಚಿಗೆ ಹಾಕಿದರು. ಅಂಗಿಯ ಬೆನ್ನು ಮುದುಡಿ ಬಿಸಾಕಿದ ಕಾಗದದಂತಿತ್ತು.

"ಹೋಗಿಬನ್ನಿ," ಎಂದರು ಅತ್ತೆಗೆ, ಇನ್ನೂ ನಗುತ್ತ. ಅಂಕ ಹೇಳುವ ಪದ್ಧತಿಯಿಲ್ಲ. ಆದರೆ ನಾನು ಮೇಜಿನ ಮುಂದೆ ಕೂತಾಗ ಪಟ್ಟಿ ಅವರ ಕಡೆಗೆ ತೆರೆದಿತ್ತು. ನನಗೆ ತಲೆಕೆಳಗಾಗಿ ಕಂಡದ್ದು, ಇಪ್ಪತ್ತಕ್ಕೆ 91! ತಲೆ ಓರೆ ಮಾಡಿ ಮತ್ತೆ ನೋಡಿದೆ. 16. ಪಾಸಿಗೆ ಏಳು ಸಾಕು.

ನನ್ನದೂ ಹೇಗೋ ಮುಗಿಯಿತು. ಹೊರಗೆ ಬಂದರೆ ಮೇಡಂ, ಜವಾನ ಸೇರಿ ಎಲ್ಲರೂ ಅತ್ತೆಯನ್ನು ಸುತ್ತುಗಟ್ಟಿದ್ದರು. ಕಂಡಕ್ಟರ್ ಕೈ ಮುಗಿಯುತ್ತಿದ್ದ. "ಅತ್ತೆ, ನಿಮ್ಮ ದಮ್ಮಯ್ಯ! ಕುರ್ಚಿ ಸಿಕ್ಕಿತೋ ಇಲ್ಲವೋ, ಅಷ್ಟು ಹೇಳಿ!"

"ತಡಿಯೋ. ಹೇಳ್ತಿದೀನಲ್ಲ. ಬೆಳಿಗ್ಗೆ ಎದ್ದೆನಾ, ಮುಖ ತೊಳೆದೆನಾ, ಚಪ್ಪಲಿ ಒಂದು ಸಿಕ್ತು, ಇನ್ನೊಂದು ಸಿಗಲಿಲ್ಲ..."

"ಮೌನಿಸ್ವಾಮೀ, ನೀನಾದರೂ ಹೇಳೋ!"

ನಾನು ಬಾಯಿ ತೆರೆದೆ. ಅತ್ತೆ ಬೆರಳೆತ್ತಿದಳು. "ಸುಮ್ಮನೆ ಕೂತ್ಕೋ. ಕಾಲರ್ ಆಗದೆ ತೋಳಿಗೆ ಹೋಗಬೇಡ."

ಕೂತೆ. ಹದಿನಾರನ್ನು ಸಕ್ಕರೆ ಹರಳಿನಂತೆ ದವಡೆಯಲ್ಲಿಟ್ಟುಕೊಂಡು, ಇನ್ನೊಂದು ಚಪ್ಪಲಿ ಎಲ್ಲಿ ಸಿಕ್ಕಿತೆಂದು ಕೇಳುತ್ತ ಕೂತೆ.