ಪಕ್ಕದ ಮಳಿಗೆಯ ಬೆಲೆ

ಕಂಪ್ಯೂಟರ್ ವ್ಯಾಪಾರದ ಒಳಗುಟ್ಟು ಪೂರ್ತಿ ತಿಳಿಯದೆ ಈ ಕಥೆಗೆ ಕೈಹಾಕಿದ್ದೇನೆ, ತಪ್ಪಿದ್ದರೆ ಕ್ಷಮಿಸಬೇಕು.

ಬೀಜಿಂಗಿನ ಜೊಂಗ್‌ಗ್ವಾನ್‌ಸುನ್ ಮಾರುಕಟ್ಟೆಯ ಎರಡನೇ ಮಹಡಿಯಲ್ಲಿ ಯಿಂಗ್‌ಝಿ ಅಮೆರಿಕದ ಕಂಪನಿಯೊಂದರ ಲ್ಯಾಪ್‌ಟಾಪ್ ಮಾರುತ್ತಿದ್ದಳು. ಪಕ್ಕದ ಮಳಿಗೆಯಲ್ಲಿ ಸೂಯುನ್, ಜಪಾನಿನದನ್ನು. ಎರಡೂ ಕಂಪನಿಗಳು ಅಗ್ಗದ ಮಾದರಿ ಇಳಿಸಿ ಜಿದ್ದಿಗೆ ಬಿದ್ದಿದ್ದ ಬೇಸಿಗೆ ಅದು. ತಿಂಗಳಲ್ಲಿ ಹೆಚ್ಚು ಮಾರಿದವರಿಗೆ ಎಸ್ಕಲೇಟರ್ ಎದುರಿನ ಮಳಿಗೆ ಎಂದು ಎರಡೂ ಮಳಿಗೆ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಹೇಳಿದ್ದ. ಇಬ್ಬರಿಗೂ ಕನಿಷ್ಠ ಬೆಲೆ ನಾಲ್ಕೂವರೆ ಸಾವಿರ ಯುವಾನ್. ಅದಕ್ಕಿಂತ ಇಳಿದವರು ಸ್ಪರ್ಧೆಯಿಂದಲೇ ಹೊರಗೆ. ಕೊನೆಯ ದಿನ ಇಬ್ಬರೂ ಸಮಸಮ.

ಸೂಯುನ್ ನಕ್ಕರೆ, ಕೂದಲು ಕತ್ತರಿಸಿಕೊಂಡು ಬಂದರೆ, ಗಿರಾಕಿಗೆ ಬಿಸಿನೀರು ಕೊಟ್ಟರೆ ಸಾಕು, ಯಿಂಗ್‌ಝಿಯ ಹೊಟ್ಟೆಯಲ್ಲಿ ಕಿಚ್ಚು.

ಮಧ್ಯಾಹ್ನ ಹೆಬೇ ಪ್ರಾಂತ್ಯದ ಮೇಷ್ಟ್ರೊಬ್ಬರು ಮಗಳಿಗೆಂದು ಬಂದರು. ಸೂಯುನ್ ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ, ಅಂಗೈ ಅಡ್ಡಹಿಡಿದು ತೋರಿಸಿ, ಕೂಡಲೇ ಅಳಿಸಿದಳು. ಅಲ್ಲಿ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದವರ ಕಿವಿ ಅಲ್ಲೇ ಇರುತ್ತದೆ. ಮೇಷ್ಟ್ರು ತಲೆಯಲ್ಲಾಡಿಸಿ ಈಚೆ ಬಂದರು.

“ಅವಳೆಷ್ಟು ತೋರ್ಸಿದ್ಲು ಮೇಷ್ಟ್ರೇ?”

ಅವರು ಯಿಂಗ್‌ಝಿಯ ಕ್ಯಾಲ್ಕುಲೇಟರಿನಲ್ಲಿ ಒತ್ತಿದರು: 4,200.

“ಇಷ್ಟಕ್ಕಾ? ಅವಳಿಗೇನು ತಲೆ ಕೆಟ್ಟಿದ್ಯಾ?”

“ಕೆಟ್ಟಿದ್ಯೋ ಏನೋ, ಬ್ಯಾಗೂ ಕೊಡ್ತಾಳಂತೆ ಕಣಮ್ಮ.”

ಸೂಯುನ್‌ಗಾದರೆ ಮ್ಯಾನೇಜರ್ ಕಣ್ಣುಮುಚ್ಚಿಕೊಳ್ಳುತ್ತಾನೆ, ಅದಕ್ಕೇ ಇಷ್ಟು ಧೈರ್ಯ ಎಂದುಕೊಂಡಳು ಯಿಂಗ್‌ಝಿ. ಅವಳು ಇಳಿಯಬಹುದಾದರೆ ನಾನೇಕೆ ಇಳಿಯಬಾರದು? ಅಷ್ಟರಲ್ಲಿ ಮೇಷ್ಟ್ರು ಮತ್ತೆ ಆ ಕಡೆ ಕತ್ತು ತಿರುಗಿಸಿದರು. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. 4,100 ಒತ್ತಿದಳು. ಬ್ಯಾಗಿನ ಜೊತೆ ಮೌಸ್ ಕೂಡ ಕೊಟ್ಟಳು.

ರಸೀದಿ ನೋಡಿದ ಮ್ಯಾನೇಜರ್, “ಇಷ್ಟು ದಿನ ದುಡಿದು ಕೊನೇ ಗಳಿಗೇಲಿ ಕೆಡಿಸ್ಕೊಂಡ್ಯಲ್ಲಮ್ಮ” ಎಂದಷ್ಟೇ ಹೇಳಿ ಮಳಿಗೆಯನ್ನು ಸೂಯುನ್‌ಗೆ ಕೊಟ್ಟ.

ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದ ಸೂಯುನ್ ನಿಂತಳು. “ಯಾಕಕ್ಕಾ ಹೀಗ್ಮಾಡ್ದೆ? ನಾನು ಐದು ಸಾವಿರ ತೋರ್ಸಿದ್ದೆ. ನಿನ್ ಹತ್ರಾನೇ ಬರ್ಲಿ ಅಂತ. ಊರಿಂದ ಅಮ್ಮನ್ನ ಕರೆಸ್ಕೋಬೇಕು ಅಂತಿದ್ಯಲ್ಲ.”

“ನಿನ್ ದೊಡ್ಡತನ ನೀನೇ ಇಟ್ಕೋ. ದಾರಿ ಬಿಡು.”

ಮೇಷ್ಟ್ರು ಸುಳ್ಳು ಅಂಕಿ ಒತ್ತಿದರೋ, ಗೆದ್ದ ಮೇಲೆ ಸೂಯುನ್ ಸುಳ್ಳು ಹೇಳಿದಳೋ, ನನಗೆ ಗೊತ್ತಿಲ್ಲ. ಯಿಂಗ್‌ಝಿಗೂ ಕೊನೆಯವರೆಗೆ ತಿಳಿಯಲಿಲ್ಲ.