ಆಜೀವ ಚಂದಾದ ಪೆಟ್ಟಿಗೆ

ಶುಕ್ರವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಎರಡು ವಾಸನೆಗಳು ಜಗಳವಾಡದೆ ಸಂಸಾರ ಮಾಡಿಕೊಂಡಿದ್ದವು. ಒಂದು, ಅಡುಗೆಮನೆಯಲ್ಲಿ ಕರಿಯುತ್ತಿದ್ದ ಮೀನಿನದು. ಇನ್ನೊಂದು, ಹಾಲ್‌ನಲ್ಲಿ ತೂಗುಹಾಕಿದ್ದ, ಯಾರ್ಯಾರದೋ ಬೀರುಗಳಲ್ಲಿ ವರ್ಷಗಟ್ಟಲೆ ಕಳೆದುಬಂದ ಕೋಟುಗಳದು. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಮೀನೂಟ ಮಾರುವುದು ಯೂಕ್ಲಿಡ್ ಊರಿಗೆ ವಲಸೆ ಬಂದ ಸ್ಲೊವೇನಿಯನ್ ಮಂದಿಯಲ್ಲಿ ಮೊದಲಿನಿಂದ ಬಂದದ್ದು. ಹಳೆ ಸಾಮಾನಿನ ಮಾರಾಟವನ್ನೂ ಅದೇ ದಿನ ಇಟ್ಟುಕೊಂಡರೆ ಎರಡಕ್ಕೂ ಒಂದೇ ದೀಪ ಉರಿಸಿದರಾಯಿತು ಎಂದು ತೀರ್ಮಾನಿಸಿದವಳು ತೇತಾ ಪೆಪ್ಚಾ. ತೇತಾ ಎಂದರೆ ಚಿಕ್ಕಮ್ಮ. ಯಾರ ಚಿಕ್ಕಮ್ಮ ಎಂದು ಹೇಳಬಲ್ಲವರೆಲ್ಲ ಆಗಲೇ ತೀರಿಕೊಂಡಿದ್ದರಿಂದ ಅವಳು ಊರಿಗೇ ಚಿಕ್ಕಮ್ಮನಾಗಿದ್ದಳು.

ರೋಜಿ ಹ್ರಿಬಾರ್ ಕೋಟುಗಳನ್ನಾಗಲಿ ಪಿಂಗಾಣಿ ತಟ್ಟೆಗಳನ್ನಾಗಲಿ ಕಣ್ಣೆತ್ತಿ ನೋಡಲಿಲ್ಲ. ಅವಳಿಗೆ ಬೇಕಿದ್ದದ್ದು ಟಿವಿ ಕಾರ್ಯಕ್ರಮಗಳನ್ನು ಹಿಡಿದಿಟ್ಟುಕೊಳ್ಳುವ ರೆಕಾರ್ಡರ್ ಪೆಟ್ಟಿಗೆ, ಅದೂ ಆಜೀವ ಚಂದಾ ಇರುವಂಥದ್ದು. ಈ ಪೆಟ್ಟಿಗೆಗಳ ಮಾತಿನಲ್ಲಿ ಆಜೀವ ಎಂದರೆ ಪೆಟ್ಟಿಗೆಯ ಆಯುಸ್ಸು, ಮನುಷ್ಯನದಲ್ಲ. ಕೊಂಡವನು ಮಣ್ಣಾದರೂ ಚಂದಾ ನಡೆಯುತ್ತದೆ. ಪೆಟ್ಟಿಗೆ ಕೆಟ್ಟಿತೋ, ಕೊಂಡವನು ಗುಂಡುಕಲ್ಲಿನಂತಿದ್ದರೂ ಚಂದಾ ಮುಗಿಯಿತು. ರೋಜಿಯ ಪೆಟ್ಟಿಗೆ ಜನವರಿಯ ಚಳಿಯಲ್ಲಿ ಒಮ್ಮೆ ಕೆಮ್ಮಿ ತಣ್ಣಗಾಗಿತ್ತು. ಗಂಡ ಲುಡ್ವಿಕ್ ತೀರಿಹೋದ ಮೇಲೆ ಅವಳ ಸಂಜೆಗಳನ್ನು ನೋಡಿಕೊಂಡದ್ದು ಅದೇ. ತಿಂಗಳ ಚಂದಾದ ಹೊಸ ಪೆಟ್ಟಿಗೆ ತರಬಹುದಿತ್ತು. ಆದರೆ ತಿಂಗಳ ಚಂದಾ ಅವಳ ಕಣ್ಣಿಗೆ ಬಾಡಿಗೆ ಮನೆಯಿದ್ದಂತೆ. ಯಾವತ್ತು ಸಾಮಾನು ಬೀದಿಗೆ ಬೀಳುತ್ತದೋ ಹೇಳಲಾಗದು.

ಇಸ್ತ್ರಿಪೆಟ್ಟಿಗೆಗಳ ನಡುವೆ ಕೂತಿದ್ದ ಬೂದು ಬಣ್ಣದ ರೆಕಾರ್ಡರನ್ನು ಅವಳು ಕಂಡದ್ದೂ ಅದರ ಮೇಲೆ ಇನ್ನೊಂದು ಕೈ ಬಿದ್ದದ್ದೂ ಒಟ್ಟಿಗೇ. ಕೈ ಸ್ಟಾಂಕೊ ಮ್ಲಾಕರನದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಸ್ಟಾಂಕೊ, ಹೆಂಡತಿ ಬರ್ನಿಸ್ ತೀರಿಕೊಂಡ ಮೇಲೆ ಊರಿನ ಹಳೆ ಸಾಮಾನಿನ ಮಾರಾಟಗಳಿಗೆಲ್ಲ ಬೇರೆಯವರು ಪೂಜೆಗೆ ಹೋಗುವ ನಿಷ್ಠೆಯಿಂದ ಹೋಗುತ್ತಿದ್ದ.

"ನಾನು ಮೊದಲು ನೋಡಿದ್ದು" ಎಂದಳು ರೋಜಿ.

"ನೋಡೋದೇನು, ಎಲ್ಲರೂ ನೋಡ್ತಾರೆ. ಮುಟ್ಟಿದ್ದು ನಾನು."

"ಚಂದಾ ಇದೆಯೋ ಇಲ್ವೋ ಗೊತ್ತಿಲ್ದೆ ಮುಟ್ಟಿ ಏನು ಮಾಡ್ತೀಯ? ಚೆಕ್ ಮಾಡ್ಬೇಕು."

"ಮಾಡು. ಕಂಪನಿಗೆ ಕರೆ ಹಚ್ಚೋಕೆ ಫೋನ್ ವೈರ್ ತಂದಿದ್ದೀಯಾ?"

ರೋಜಿ ಕೈಚೀಲ ತಡಕಾಡಿದಳು. ತಂದಿರಲಿಲ್ಲ. ಸ್ಟಾಂಕೊ ಕೋಟಿನ ಜೇಬಿನಿಂದ ಸುರುಳಿ ಸುತ್ತಿದ ವೈರನ್ನು ಮೊಲ ತೆಗೆಯುವ ಜಾದೂಗಾರನ ಹಾಗೆ ಎಳೆದು ತೋರಿಸಿದ. "ಹಾಗಾದ್ರೆ ಅರ್ಧ ನಂದು."

ಪೆಟ್ಟಿಗೆ ಬಂದದ್ದು ವಾಲ್ಟರ್ ಓಗ್ರಿನನ ಮನೆಯಿಂದ. ಹಿಂದೆ ಪ್ರತಿ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ನೇರವಾಗಿ ಬರುತ್ತಿದ್ದ ಪೋಲ್ಕಾ ಕುಣಿತದ ಕಾರ್ಯಕ್ರಮದಲ್ಲಿ ಅಕಾರ್ಡಿಯನ್ ಬಾರಿಸುತ್ತಿದ್ದವನು ಅವನು. ಅವನು ಹೋದ ಮೇಲೆ ಮಗಳು ಮನೆ ಖಾಲಿ ಮಾಡಿ ಎಲ್ಲವನ್ನೂ ಚರ್ಚಿಗೆ ಕೊಟ್ಟಿದ್ದಳು. ಇಷ್ಟನ್ನು ತೇತಾ ಪೆಪ್ಚಾ ಮೀನು ಮಗುಚುತ್ತಲೇ ಹೇಳಿ, ಪೆಟ್ಟಿಗೆಯನ್ನು ಅಡುಗೆಮನೆಯೊಳಗೆ ಬಿಟ್ಟುಕೊಂಡಳು. ಫೋನಿನ ತೂತು ಇದ್ದದ್ದು ಅಲ್ಲಿಯೇ.

"ಬೇಗ ಮುಗಿಸ್ರಪ್ಪಾ. ಈ ಫೋನಲ್ಲೇ ಮೀನಿನ ಆರ್ಡರ್ ಬರೋದು. ನಿಮ್ಮ ಡಬ್ಬಿ ಹರಟೆ ಹೊಡೀತಾ ಕೂತ್ರೆ ಜನ ಪಕ್ಕದ ಚರ್ಚಿಗೆ ಹೋಗ್ತಾರೆ."

"ಅಲ್ಲಿ ಮೀನು ಹಸಿಯಾಗಿರುತ್ತೆ ತೇತಾ" ಎಂದ ಸ್ಟಾಂಕೊ.

"ಅದಕ್ಕೇ ನಿನ್ನನ್ನ ಅಲ್ಲಿಗೆ ಕಳಿಸೋಣ ಅಂತಿದ್ದೆ."

ಫ್ರಿಜ್ಜಿನ ಆಚೆ ಒಂದು ಪುಟ್ಟ ಟಿವಿ ಇತ್ತು. ಅದರ ದನಿ ಹೋಗಿ ಎಷ್ಟೋ ಕಾಲವಾಗಿದ್ದರೂ ಚಿತ್ರ ಬರುತ್ತದಲ್ಲ ಎಂದು ಯಾರೂ ಎಸೆದಿರಲಿಲ್ಲ. ರೋಜಿ ಪೆಟ್ಟಿಗೆಯನ್ನು ಅದಕ್ಕೆ ಸೇರಿಸಿದಳು. ಒಳಗೆ ಏನೋ ಗರಗರ ತಿರುಗಿ, ಗಾಢ ನಿದ್ದೆಯಿಂದ ಏಳುವ ಮುದುಕನಂತೆ ಪೆಟ್ಟಿಗೆ ತನ್ನ ಪಾಡಿಗೆ ತಾನು ಎಚ್ಚರವಾಗತೊಡಗಿತು. ಕಡೆಗೆ ಮಾಹಿತಿಯ ಪರದೆ ಮೂಡಿತು: ಆಜೀವ ಚಂದಾ, ಚಾಲ್ತಿಯಲ್ಲಿದೆ.

ಅನನುಭವಿಗಳು ಇಲ್ಲಿಗೇ ಹಿಗ್ಗಿ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಾರೆ. ಆದರೆ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆ ಹೇಳುವುದು ತಾನು ಮಲಗಿದ ದಿನದ ಸತ್ಯವನ್ನು. ಆಮೇಲೆ ಖಾತೆ ಮುಚ್ಚಿದ್ದರೆ ಅದಕ್ಕೇನು ಗೊತ್ತು? ಫೋನಿನ ಮೂಲಕ ಕಂಪನಿಯನ್ನು ವಿಚಾರಿಸಿದ ಮೇಲೆಯೇ ನಿಜವಾದ ಸ್ಥಿತಿ. ವಿಚಾರಿಸಿದಾಗ ಇನ್ನೊಂದೂ ಆಗುತ್ತದೆ. ಇವತ್ತಿನ ತಾರೀಕು ಕಿವಿಗೆ ಬಿದ್ದ ಕೂಡಲೇ, ಅವಧಿ ಮೀರಿದ ಹಳೆ ಕಾರ್ಯಕ್ರಮಗಳನ್ನೆಲ್ಲ ಪೆಟ್ಟಿಗೆ ಗುಡಿಸಿ ಹಾಕುತ್ತದೆ. ಇದರಿಂದ ಯಾರಿಗೂ ನೋವಿರಲಿಲ್ಲ. ಹಿಂದಿನ ಒಡೆಯ ಏನು ನೋಡುತ್ತಿದ್ದ ಎಂದು ಇಣುಕುವುದು ಇಂಥ ಪೆಟ್ಟಿಗೆಗಳ ಬೇಟೆಗಾರರಲ್ಲಿ ಸಭ್ಯತೆಯಲ್ಲ. ಸತ್ತವನ ಕೋಟು ಕೊಳ್ಳಬಹುದು, ಜೇಬಿಗೆ ಕೈ ಹಾಕಬಾರದು.

ಸ್ಟಾಂಕೊ ಗೋಡೆಯ ತೂತಿಗೆ ವೈರ್ ಸಿಕ್ಕಿಸಿದ, ರೋಜಿ ಗುಂಡಿ ಒತ್ತಿದಳು. ಪೆಟ್ಟಿಗೆ ಕಂಪನಿಗೆ ಕರೆ ಮಾಡಿತು. ಯಾರಾದರೂ ರಿಸೀವರ್ ಎತ್ತಿದರೆ ಕರೆ ಕಡಿಯುತ್ತದೆಂದು ಸ್ಟಾಂಕೊ ಗೋಡೆಯ ಫೋನಿಗೆ ಬೆನ್ನು ಕೊಟ್ಟು ಕಾವಲು ನಿಂತ. ಫ್ರಿಜ್ಜು ಅಡ್ಡವಿದ್ದುದರಿಂದ ಅವನಿಗೆ ಟಿವಿ ಕಾಣುತ್ತಿರಲಿಲ್ಲ.

"ಎಲ್ಲಿಗೆ ಬಂತು?"

"ಈಗಿನ್ನೂ ಇಳಿಸ್ಕೊಳ್ತಿದೆ. ಸುಮ್ನಿರು."

"ಈ ನೀಲಿ ಪರದೆ ನೋಡ್ತಾ ನಾನು ಮೀನು ಕರೀಬೇಕಾ? ಏನಾದ್ರೂ ಹಾಕು" ಎಂದಳು ತೇತಾ.

"ಬೇಡ ತೇತಾ. ಇನ್ನೊಬ್ರದ್ದು ನೋಡಬಾರದು."

"ವಾಲ್ಟರ್ ನನ್ನ ಹತ್ರ ಏನು ಮುಚ್ಚಿಡ್ತಾನೆ? ಅವನ ಜ್ಞಾನಸ್ನಾನದಲ್ಲಿ ಅವನನ್ನ ಎತ್ಕೊಂಡಿದ್ದೋಳು ನಾನು" ಎಂದು ತೇತಾ ಎಣ್ಣೆಗೈಯಲ್ಲೇ ರಿಮೋಟ್ ಕಸಿದುಕೊಂಡು ಸಿಕ್ಕಿದ ಗುಂಡಿ ಒತ್ತಿದಳು. ವಾಲ್ಟರ್ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಪಟ್ಟಿಯ ಉದ್ದಕ್ಕೂ ಅದೇ ಪೋಲ್ಕಾ ಕಾರ್ಯಕ್ರಮ, ಭಾನುವಾರದ ಮೇಲೆ ಭಾನುವಾರ. ಮನುಷ್ಯ ತಾನು ಬಾರಿಸುವುದನ್ನೇ ಹಿಡಿದಿಟ್ಟುಕೊಂಡು ನೋಡುತ್ತಿದ್ದ. ತೇತಾ ಅದರಲ್ಲೊಂದನ್ನು ಹಾಕಿ ಬಾಣಲೆಗೆ ಮರಳಿದಳು.

ದನಿಯಿಲ್ಲದ ಟಿವಿಯಲ್ಲಿ ಜನ ಕುಣಿಯತೊಡಗಿದರು. ಅಕಾರ್ಡಿಯನ್‌ಗಳು ಸದ್ದಿಲ್ಲದೆ ಉಸಿರೆಳೆದು ಬಿಡುತ್ತಿದ್ದವು. ಎಣ್ಣೆಯ ಚುರುಚುರು ಒಮ್ಮೊಮ್ಮೆ ಅವರ ಹೆಜ್ಜೆಗೆ ಸರಿಯಾಗಿ ಕೂಡಿ, ಕುಣಿಯುವವರೆಲ್ಲ ಮೀನಿನ ತಾಳಕ್ಕೇ ತಿರುಗುತ್ತಿರುವಂತೆ ತೋರುತ್ತಿತ್ತು. ಕಿಟಕಿಯಾಚೆ ಊರಂಚಿನ ಸರೋವರದಿಂದ ಬಂದ ಮಂಜು ಬೀದಿಯನ್ನು ಒರೆಸಿ ಹಾಕಿತ್ತು. ಒಳಗೆ ಆವಿ, ಹೊರಗೆ ಮಂಜು, ನಡುವೆ ಅಂಗೈಯಗಲದ ಬೆಳಕಿನಲ್ಲಿ ತಿರುಗುವ ಲಂಗಗಳು. ಇವರಲ್ಲಿ ಅರ್ಧ ಮಂದಿಯ ಅಂತ್ಯಕ್ರಿಯೆಗೆ ತಾನು ಹೋಗಿದ್ದೇನೆ ಎಂದು ರೋಜಿಗೆ ಹೊಳೆಯಿತು. ಆದರೂ ಅವರು ಏದುಸಿರು ಬಿಡುತ್ತ, ಬೆವರೊರೆಸಿಕೊಳ್ಳುತ್ತ, ತಮ್ಮ ಸಾವಿನ ಸುದ್ದಿ ಇನ್ನೂ ತಲುಪದವರ ಹಾಗೆ ಹಾಯಾಗಿದ್ದರು. ಅವಳಿಗೆ ತಾನೂ ತೇಲುತ್ತಿರುವಂತೆ, ಕಾಲ ಕೆಳಗಿನ ಸಿಮೆಂಟು ಮೆತ್ತಗಾದಂತೆ ಅನಿಸಿತು.

ಆಗ ಕಂದು ಸ್ವೆಟರಿನ ಬೆನ್ನೊಂದು ಪರದೆಗೆ ಅಡ್ಡ ಬಂದು, ತಿರುಗಿ, ಲುಡ್ವಿಕ್ ಆಯಿತು.

ಮೂವತ್ತು ವರ್ಷದ ದಾಂಪತ್ಯದಲ್ಲಿ ಲುಡ್ವಿಕ್ ಒಂದು ದಿನ ಕುಣಿದವನಲ್ಲ. ಪ್ರತಿ ಮದುವೆಯಲ್ಲೂ ಮಂಡಿ ಹಿಡಿದುಕೊಂಡು ಕುರ್ಚಿ ಹುಡುಕುತ್ತಿದ್ದ. "ನಮ್ಮವರ ಕಾಲು ಸಿಮೆಂಟಿನದು" ಎಂದು ರೋಜಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು. ಆ ಸಿಮೆಂಟಿನ ಕಾಲು ಈಗ ನೆಲದ ಮೇಲೆ ನಿಲ್ಲದೆ ಹಾರುತ್ತಿತ್ತು. ಅವನ ಕೈ ಹಿಡಿದು ಬಾಯ್ತುಂಬ ನಗುತ್ತಿದ್ದವಳು ಬರ್ನಿಸ್. ಸ್ಟಾಂಕೊನ ಬರ್ನಿಸ್.

"ಎಲ್ಲಿಗೆ ಬಂತು ರೋಜಿ?"

ರೋಜಿ ಪರದೆಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು.

"ಏನಮ್ಮಾ, ಬಾಯಿಗೆ ಮೀನು ತುರುಕಿಕೊಂಡಿದ್ದೀಯಾ?"

ಪರದೆಯ ಅಂಚಿನಲ್ಲಿ, ಎಷ್ಟು ಇಳಿಯಿತೆಂದು ತೋರಿಸುವ ಪುಟ್ಟ ಪಟ್ಟಿಯೊಂದು ಬಲಕ್ಕೆ ಬೆಳೆಯುತ್ತಿತ್ತು. ಮುಕ್ಕಾಲು ದಾಟಿತ್ತು. ಇನ್ನು ಸ್ವಲ್ಪ ಹೊತ್ತು ಅವಳು ಸುಮ್ಮನಿದ್ದರೆ ಸಾಕು. ಪೆಟ್ಟಿಗೆಗೆ ತಾರೀಕು ತಿಳಿಯುತ್ತದೆ, ಕಸ ಗುಡಿಸುತ್ತದೆ. ಲುಡ್ವಿಕನ ಕಾಲು ಮತ್ತೆ ಸಿಮೆಂಟಾಗುತ್ತದೆ. ಸ್ಟಾಂಕೊ ಏನನ್ನೂ ನೋಡಿರುವುದಿಲ್ಲ. ಅವಳ ಕೈಗೊಂದು ಗಟ್ಟಿಯಾದ ಆಜೀವ ಚಂದಾ ಬರುತ್ತದೆ. ಯಾರಿಗೂ ಏನೂ ಕಳೆಯುವುದಿಲ್ಲ. ಕಳೆದದ್ದು ಏನೆಂದು ಅವಳೊಬ್ಬಳಿಗೆ ಮಾತ್ರ ಗೊತ್ತಿರುತ್ತದೆ, ಅಷ್ಟೆ.

ಲುಡ್ವಿಕ್ ಸುತ್ತು ತಪ್ಪಿ ಬರ್ನಿಸಳ ಕಾಲು ತುಳಿದ. ತುಳಿದು, ಗಾಬರಿಯಿಂದ ಹುಬ್ಬೇರಿಸಿದ. ಹಾಲು ಉಕ್ಕಿಸಿದಾಗ, ಕಾರು ಗೀರಿಸಿದಾಗ ಏರಿಸುತ್ತಿದ್ದ ಅದೇ ಹುಬ್ಬು. ಆ ಹುಬ್ಬನ್ನು ತಾನು ಮರೆತೇಬಿಟ್ಟಿದ್ದೆನೆಂದು ರೋಜಿಗೆ ಆಗ ಗೊತ್ತಾಯಿತು.

"ಸ್ಟಾಂಕೊ, ಬಾ ಇಲ್ಲಿ."

"ಫೋನ್ ಯಾರು ಕಾಯ್ತಾರೆ?"

"ಫೋನ್ ಸಾಯ್ಲಿ. ನಿನ್ನ ಬರ್ನಿಸ್ ಬಂದಿದ್ದಾಳೆ, ನೋಡು ಬಾ."

ಸ್ಟಾಂಕೊ ಬಂದ. ನೋಡಿದ. ಆಮೇಲೆ ಅಭ್ಯಾಸಬಲದಿಂದ ಅವನ ಕಣ್ಣು ಅಂಚಿನ ಪಟ್ಟಿಯ ಕಡೆ ಹೋಯಿತು. ಇನ್ನೊಂದು ಬೆರಳಿನಷ್ಟು ಉಳಿದಿತ್ತು. ಜೀವಮಾನದಲ್ಲಿ ಒಂದು ಪೆಟ್ಟಿಗೆಯನ್ನೂ ಅರ್ಧಕ್ಕೆ ಬಿಟ್ಟವನಲ್ಲ ಅವನು. ನಿಧಾನವಾಗಿ ಹಿಂದಿರುಗಿ ಹೋಗಿ, ಗೋಡೆಯಿಂದ ವೈರನ್ನು ಕಿತ್ತ.

ಕರೆ ವಿಫಲವಾಗಿದೆ ಎಂದಿತು ಪರದೆ. ಸ್ಥಿತಿ ಖಚಿತವಾಗಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ. ಅದರ ಹಿಂದೆ ಇಬ್ಬರೂ ಕುಣಿಯುತ್ತಲೇ ಇದ್ದರು.

"ನನಗೆ ಮಂಡಿನೋವು ಅಂತಿದ್ದ" ಎಂದಳು ರೋಜಿ. ದನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣದಾಗಿತ್ತು. "ನನ್ನ ಜೊತೆ ಮಾತ್ರ ಮಂಡಿನೋವು."

"ಬರ್ನಿಸ್ ಈ ಲಂಗ ಹಾಕ್ಕೊಂಡಿದ್ದು ನಾನು ನೋಡೇ ಇಲ್ಲ" ಎಂದ ಸ್ಟಾಂಕೊ.

"ಯಾವ ಭಾನುವಾರ ಇದು? ನಾನೆಲ್ಲಿದ್ದೆ?"

ತೇತಾ ಪೆಪ್ಚಾ ಮೀನಿನ ತಟ್ಟೆ ಕೆಳಗಿಟ್ಟಳು. "ಎಲ್ಲಿರ್ತೀಯ? ಮನೇಲಿ. ಇವನೂ ನಿನ್ನ ಮನೇಲೇ. ಹೊಸ ಡಬ್ಬಿ ತಂದಿದ್ದೆ ಅಂತ ಇವನನ್ನ ಕರೆಸಿದ್ದೆಯಲ್ಲ, ಚಂದಾ ನೋಡ್ಕೊಡು ಅಂತ. ಊಟ ಆದಮೇಲೆ ಹಿಡಿದೋರು ಕತ್ತಲಾದ್ರೂ ಬಿಟ್ಟಿಲ್ಲ. ಲುಡ್ವಿಕ್ ಬರ್ನಿಸ್ ಇಬ್ರೂ ಅಡ್ಡಡ್ಡ ಓಡಾಡ್ತಾರೆ ಅಂತ ಹೊರಗೆ ಅಟ್ಟಿದ್ದೂ ನೀನೇ. ಪಾಪ, ಎಲ್ಲಿಗೆ ಹೋಗ್ತಾರೆ? ಕುಣಿತ ನಡೀತಿದ್ದ ಹಾಲ್‌ಗೆ ಬಂದ್ರು."

ರೋಜಿ, ಸ್ಟಾಂಕೊ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ನೆನಪಿಗೆ ಬಂತು. ಮಧ್ಯಾಹ್ನವಿಡೀ ಟಿವಿಯ ನೀಲಿ ಪರದೆಯೆದುರು ಮೊಣಕಾಲೂರಿ ಕೂತು, ಗುಂಡಿ ಒತ್ತಿ ಒತ್ತಿ, ಕಡೆಗೂ ಆಜೀವ ಎಂಬ ಪದ ಕಂಡಾಗ ಕೈಕುಲುಕಿಕೊಂಡಿದ್ದರು. ಅದೇ ಟಿವಿಯಲ್ಲಿ ಪಕ್ಕದ ಚಾನೆಲ್ ಹಾಕಿದ್ದರೆ ಇದೆಲ್ಲ ನೇರವಾಗಿಯೇ ಬರುತ್ತಿತ್ತು.

"ನಿಮಗೆ ಗೊತ್ತಿತ್ತು" ಎಂದಳು ರೋಜಿ.

"ಊರಿಗೇ ಗೊತ್ತಿತ್ತು ಕಣೆ. ಟಿವೀಲಿ ಬಂದಿದ್ದು. ನೀನು ಕೇಳ್ಲಿಲ್ಲ. ಸಿಮೆಂಟು ಸಿಮೆಂಟು ಅಂತ ನೀನು ಹೇಳ್ತಿದ್ರೆ ನಾವೆಲ್ಲ ಅದಕ್ಕೇ ನಗ್ತಿದ್ದಿದ್ದು."

ರೋಜಿಗೆ ಸಿಟ್ಟು ಬರಬೇಕಿತ್ತು. ಬರುವ ದಾರಿಯಲ್ಲಿ ಅದು ಎಲ್ಲೋ ಮಂಜಿನಲ್ಲಿ ತಪ್ಪಿಸಿಕೊಂಡಂತಿತ್ತು. ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಸ್ಟಾಂಕೊ ಆಲೂಗಡ್ಡೆಯ ಚೀಲದ ಮೇಲೆ ಕೂತ.

"ಇದು ನಮ್ಮನೇಲಿರ್ಲಿ" ಎಂದಳು. "ನಮ್ಮನೆ ಫೋನ್ ತೆಗೆಸಿ ಆಗಿದೆ. ನೀನು ಭಾನುವಾರ ಬಾ. ಆದ್ರೆ ಜೇಬಲ್ಲಿ ವೈರ್ ಇಟ್ಕೊಂಡು ಬಂದ್ಯೋ, ಬಾಗಿಲಲ್ಲೇ ನಿಲ್ಲಿಸ್ತೀನಿ."

"ಚಂದಾ ಇದೆಯೋ ಇಲ್ವೋ ತಿಳ್ಕೊಳ್ಳದೆ?"

"ತಿಳ್ಕೊಳ್ಳದೆ."

ಸ್ಟಾಂಕೊ ಮೂಗಿನಲ್ಲಿ ಉಸಿರುಬಿಟ್ಟ, ಒಪ್ಪಿಗೆಯೆಂದೇ ತಿಳಿಯಬೇಕು. ಪರದೆಯಲ್ಲಿ ಹಾಡು ಮುಗಿದಿತ್ತು. ಲುಡ್ವಿಕ್ ಮತ್ತು ಬರ್ನಿಸ್ ಗೋಡೆಯ ಕಡೆ ಹೋಗಿ ಕೋಟುಗಳನ್ನು ತೆಗೆದುಕೊಂಡರು. ಲುಡ್ವಿಕ್ ಒಂದು ತೋಳು ತೂರಿಸಿದ್ದ. ಆಗ ಬರ್ನಿಸ್ ಕೈಗಡಿಯಾರ ನೋಡಿ, ಅವನ ಕಿವಿಯ ಹತ್ತಿರ ಬಾಗಿ ಏನೋ ಅಂದಳು. ಅವನು ತಲೆ ಹಿಂದಕ್ಕೆ ಎಸೆದು ನಕ್ಕ. ರೋಜಿ ಎಷ್ಟೋ ವರ್ಷಗಳಿಂದ ಕೇಳದಿದ್ದ ನಗು, ಈಗಲೂ ಕೇಳದ ನಗು. ತೋಳನ್ನು ಹೊರಗೆಳೆದು, ಕೋಟನ್ನು ಮತ್ತೆ ಮೊಳೆಗೆ ತಗುಲಿಸಿದ.

"ಏನಂದ್ಲು ಅವಳು?" ಎಂದಳು ರೋಜಿ.

ಸ್ಟಾಂಕೊ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಏನಂತಾಳೆ? ಮನೇಲಿ ಅವರ ಡಬ್ಬಿ ಕೆಲಸ ಇನ್ನೂ ಮುಗಿದಿರಲ್ಲ, ಇನ್ನೊಂದು ಹಾಡು ಕುಣಿಯೋಣ ಅಂದಿರ್ತಾಳೆ."

ಪರದೆಯಲ್ಲಿ ಇಬ್ಬರೂ ಮತ್ತೆ ಕುಣಿತದ ನಡುವಿಗೆ ಹೋದರು. ಜನ ಸರಿದು ಜಾಗ ಮಾಡಿಕೊಟ್ಟರು.