ಪೂರ್ವಕ್ಕೆ ಕಾಲು

ನಮ್ಮಪ್ಪ ಜುಂಜಪ್ಪ ಕುಣಿಗಲ್ಲಿನ ನಮ್ಮ ಚರ್ಚಿನ ಗಂಟೆ ಹೊಡೆಯುತ್ತಿದ್ದ, ಆದರೆ ಕ್ರೈಸ್ತನಲ್ಲ. ಭಾನುವಾರ ಅಮ್ಮನನ್ನೂ ನನ್ನನ್ನೂ ಸೈಕಲ್ಲಿನಲ್ಲಿ ಕರೆತಂದು, ಗಂಟೆ ಹೊಡೆದು, ಆರಾಧನೆ ಮುಗಿಯುವವರೆಗೆ ಹೊಂಗೆ ಮರದ ಕೆಳಗೆ ಬೀಡಿ ಸೇದುತ್ತಾ ಕೂರುತ್ತಿದ್ದ. ಹೊತ್ತಿಗೆ ಸರಿಯಾಗಿ ಬರುತ್ತಿದ್ದವನು ಅವನೊಬ್ಬನೇ. ಒಳಗೆ ಕೂರುವ ಮಹನೀಯರು ಎರಡನೇ ಹಾಡಿಗೆ ಬಂದು ಆಕಳಿಸುತ್ತಿದ್ದರು.

ಅಮ್ಮ ಸಮಾಧಾನಮ್ಮ ಮೂರು ತಲೆಮಾರಿನ ಕ್ರೈಸ್ತರ ಮಗಳು. ಕುದುರೆ ಫಾರಂನಲ್ಲಿ ಕುದುರೆಗಳ ಮೈ ಉಜ್ಜುತ್ತಿದ್ದವನನ್ನು ಮೆಚ್ಚಿ ಕಟ್ಟಿಕೊಂಡಿದ್ದಳು. ಹೆಸರಲ್ಲಿದ್ದ ಸಮಾಧಾನ ಮನಸ್ಸಿನಲ್ಲಿರಲಿಲ್ಲ. ಗಂಡ ದೀಕ್ಷಾಸ್ನಾನವಿಲ್ಲದೆ ಸತ್ತರೆ ಪರಲೋಕದಲ್ಲಿ ತನಗೆ ಸಿಗುವುದಿಲ್ಲ ಎಂಬ ಭಯ ಅವಳನ್ನು ತಿನ್ನುತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಅದೇ ರಾಗ.

"ಒಂದ್ಸಲ ತಲೆಗೆ ನೀರ್ ಹಾಕಿಸ್ಕೊಂಡ್ರೆ ನಿಮ್ ಗಂಟೇನ್ರೀ ಹೋಗ್ತದೆ?"

"ನಮ್ಮಪ್ಪ, ನಮ್ಮವ್ವ ಈಗ ಎಲ್ಲವ್ರೆ, ಅದ್ ಹೇಳು."

ಅಮ್ಮ ಅವನ ತಟ್ಟೆಗೆ ಇನ್ನಷ್ಟು ಸಾರು ಬಿಡುತ್ತಿದ್ದಳು. ಚರ್ಚಿನ ಪಾದ್ರಿ ಅಯ್ಯನೋರ ಲೆಕ್ಕದ ಪ್ರಕಾರ ಸತ್ತ ಅತ್ತೆಮಾವ ಇದ್ದ ಜಾಗವನ್ನು ಮುದ್ದೆ ಮುರಿಯುತ್ತಾ ಹೇಳುವಂತಿರಲಿಲ್ಲ.

"ಅವ್ರು ಬೆಂಕೀಲಿ ಬೇಯ್ತಿದ್ರೆ ನಾನು ನಿನ್ ಪಕ್ಕ ಹಾಡ್ ಹೇಳ್ಕೊಂಡ್ ಕೂತಿರ್ಲಾ? ಬುಡು ಕಣೇ. ಅವ್ರನ್ನೂ ಕರ್ಕೊಳ್ಳಂಗಿದ್ರೆ ಹೇಳು, ನಾಳೇನೇ ಕೆರೇಲಿ ಮುಳುಗ್ತೀನಿ."

ತೊಂಬತ್ತೇಳರ ಒಂದು ಭಾನುವಾರ ಅಯ್ಯನೋರು ಜಲಪ್ರಳಯದಲ್ಲಿ ತೇಲಿದ ನೋಹನ ನಾವೆಯ ಮೇಲೆ ಪ್ರಸಂಗ ಮಾಡಿದರು. ನಾವೆಯೆಂದರೆ ಕ್ರೈಸ್ತಸಭೆ, ನೀರೆಂದರೆ ನ್ಯಾಯತೀರ್ಪು. ಬಾಗಿಲು ಮುಚ್ಚಿದವನು ನೋಹನಲ್ಲ, ದೇವರೇ. ಆಮೇಲೆ ಎಷ್ಟು ತಟ್ಟಿದರೂ ತೆರೆಯಲಿಲ್ಲ, ಎಂದರು. ಅಮ್ಮ ಸೆರಗು ಕಚ್ಚಿಕೊಂಡು ಕೇಳುತ್ತಿದ್ದಳು. ಆರಾಧನೆ ಮುಗಿಸಿ ಹೊರಗೆ ಬಂದರೆ ಅಪ್ಪ ಹೊಂಗೆ ಮರಕ್ಕೆ ಒರಗಿದಂತೆಯೇ ಸತ್ತಿದ್ದ. ಬೆರಳ ಸಂದಿಯಲ್ಲಿ ಬೀಡಿ ಆರಿತ್ತು.

ಗುಬ್ಬಿಯಿಂದ ದೊಡ್ಡಪ್ಪ ಕದರಯ್ಯ ಬಂದ, ತಮ್ಮನ ಮುಖ ನೋಡಿ ಅತ್ತ, ಆಮೇಲೆ ಟವೆಲ್ ಕೊಡವಿ ಎದ್ದ. "ಕಿರಿಸ್ತಾನ್ರ ಮನೆ ಸೇರ್ದೋನ್ನ ನಮ್ ಹೊಲ್ದಾಗೆ ಮಣ್ಣು ಮಾಡಿದ್ರೆ ಕುಲದೋರು ಒಪ್ಪಲ್ಲ ಕಣಮ್ಮ" ಎಂದು ಬಸ್ಸು ಹತ್ತಿದ.

ಅಮ್ಮ ಅಯ್ಯನೋರ ಕಾಲು ಹಿಡಿದಳು. ಅವರೇನೂ ಕೆಟ್ಟವರಲ್ಲ, ಅವರ ಕಣ್ಣೂ ಒದ್ದೆಯಾಗಿತ್ತು. "ನಿಯಮ ಅದೆ ಸಮಾಧಾನಮ್ಮ. ದೀಕ್ಷಾಸ್ನಾನ ಆಗ್ದೋರಿಗೆ ಸಮಾಧಿ ತೋಟದಲ್ಲಿ ಜಾಗ ಕೊಡಕ್ಕೆ ಬರಲ್ಲ."

"ಇಷ್ಟ್ ವರ್ಷ ಗಂಟೆ ಹೊಡ್ದವ್ರೆ, ಅಯ್ಯನೋರೆ."

"ಗಂಟೆ ಬೇರೆ, ರಕ್ಷಣೆ ಬೇರೆ."

ಆ ಮಾತು ಇವತ್ತು ನೆನೆದರೂ ನನ್ನ ಮೈ ಉರಿಯುತ್ತದೆ. ಅಪ್ಪ ಅಲ್ಲೂ ಸಲ್ಲಲಿಲ್ಲ, ಇಲ್ಲೂ ಸಲ್ಲಲಿಲ್ಲ. ಕೊನೆಗೆ ಸಮಾಧಿ ತೋಟದ ಗೋಡೆಯ ಹೊರಗೆ, ಲಂಟಾನ ಕಡಿದು ಗುಂಡಿ ತೋಡಿಸಿದೆವು.

ನಮ್ಮ ಕ್ರೈಸ್ತರನ್ನು ಪೂರ್ವಕ್ಕೆ ಕಾಲು ಮಾಡಿ ಮಲಗಿಸುತ್ತಾರೆ. ಸ್ವಾಮಿ ಮತ್ತೆ ಬರುವುದು ಪೂರ್ವದಿಂದ; ಕಡೆಯ ದಿನ ಸತ್ತವರು ಎದ್ದು ನಿಂತಾಗ ಅವನ ಮುಖ ಎದುರಿಗೇ ಕಾಣಬೇಕು. ಕೂಲಿಗೆ ಬಂದ ಬೆಟ್ಟಯ್ಯನಿಗೆ ಇದೇನು ಗೊತ್ತು? ಅವನು ತನ್ನ ಜನರ ಪದ್ಧತಿಯಂತೆ ದಕ್ಷಿಣಕ್ಕೆ ತಲೆ, ಉತ್ತರಕ್ಕೆ ಕಾಲು ಬರುವ ಹಾಗೆ ತೋಡಿದ್ದ. ಹೆಣ ಇಳಿಸಿ ಅರ್ಧ ಮಣ್ಣು ಎಳೆದ ಮೇಲೆ ಅಮ್ಮನಿಗೆ ಹೊಳೆಯಿತು. "ತಿರುಗ್ಸಿ! ಅವ್ರನ್ನ ತಿರುಗ್ಸಿ!" ಎಂದು ಕಿರುಚಿದಳು. ಕತ್ತಲಾಗುತ್ತಿತ್ತು. ಸಭೆಯ ಹಿರಿಯರೊಬ್ಬರು, "ದೀಕ್ಷೆ ಇಲ್ದೋನಿಗೆ ದಿಕ್ಕೇನಮ್ಮ, ಬಿಡು" ಅಂದುಬಿಟ್ಟರು.

ಆಮೇಲೆ ಅಮ್ಮನನ್ನು ತುಮಕೂರಿಗೆ, ಉಪ್ಪಾರಹಳ್ಳಿಯ ನನ್ನ ಬಾಡಿಗೆ ಮನೆಗೆ ಕರೆತಂದೆ. ನಾನು ಅಲ್ಲಿ ನರ್ಸು. ನಾನು ಡ್ಯೂಟಿಗೆ ಹೋದರೆ ಅವಳು ಬೈಬಲ್ ಬಿಚ್ಚಿಕೊಂಡು ಕೂರುತ್ತಿದ್ದಳು. ಓದುತ್ತಿದ್ದಳೋ ಜಗಳವಾಡುತ್ತಿದ್ದಳೋ ಗೊತ್ತಿಲ್ಲ. ಒಮ್ಮೆ ನೋಡಿಕೊಂಡು ಹೋಗಲು ಅಯ್ಯನೋರು ಬಂದಾಗ ಕಾಫಿ ಲೋಟ ಕೈಗಿಡುತ್ತಲೇ ಶುರುಮಾಡಿದಳು.

"ನಾವೆಯೊಳ್ಗೆ ಅಶುದ್ಧ ಪ್ರಾಣಿಗಳೂ ಇದ್ವಲ್ಲ ಅಯ್ಯನೋರೆ? ಅವಕ್ಕೆ ದೀಕ್ಷೆ ಕೊಟ್ಟೋರು ಯಾರು?"

"ನಾವೆ ಒಂದು ಸಂಕೇತ, ಸಮಾಧಾನಮ್ಮ."

"ನಿಮ್ಗೆ ಬೇಕಾದ್ ಬಾಗ್ಲು ಸಂಕೇತ, ಒಳ್ಗಿದ್ದ ಹಂದಿ ಮಾತ್ರ ಬರೀ ಹಂದಿನಾ? ಶಿಲುಬೆ ಮೇಲಕ್ಕೆ ಎತ್ದಾಗ ಎಲ್ಲಾರ್ನೂ ನನ್ ಹತ್ರಕ್ಕೆ ಎಳ್ಕೊತೀನಿ ಅಂದವ್ನೆ ಸ್ವಾಮಿ. ಎಲ್ಲಾರೂ ಅಂದ್ರೆ ಎಲ್ಲಾರೂ."

ಅಯ್ಯನೋರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮ ಗೆದ್ದಳು ಎಂದು ನಾನು ನಗುತ್ತಾ ಒಳಗೆ ಹೋದರೆ ಅವಳು ಅಡುಗೆಮನೆಯ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದಳು. "ನಂದು ಬರೀ ಆಸೆಯಾಗಿದ್ರೆ ಏನೇ ಮಾಡ್ಲಿ?" ಅಂದಳು. ಅವಳನ್ನು ತಬ್ಬಿಕೊಂಡೆ.

ಎರಡು ಸಾವಿರದ ನಾಲ್ಕರಲ್ಲಿ ಅವಳು ಹಾಸಿಗೆ ಹಿಡಿದಳು. ಸಮಾಧಿ ತೋಟದೊಳಗೆ ಅಜ್ಜಿಯ ಪಕ್ಕ ಅವಳಿಗೆಂದೇ ಜಾಗವಿತ್ತು. ಬೇಡ ಅಂದಳು.

"ಸ್ವಾಮೀನ ಸಾಯ್ಸಿದ್ದೂ ಊರ್ ಬಾಗ್ಲಿಂದ ಹೊರ್ಗೇ ಅಲ್ವೇನೇ? ನನ್ನೂ ಹೊರ್ಗೇ ಹಾಕು, ಅವ್ರ ಹತ್ರ. ಆದ್ರೆ ನನ್ನ ಪೂರ್ವಕ್ಕೇ ಕಾಲ್ ಮಾಡಿ ಮಲಗ್ಸು."

ಕುಣಿಗಲ್ಲಿಗೆ ಹೆಣ ತಂದ ದಿನ ಗಂಟೆ ಹೊಡೆಯುವವರಿರಲಿಲ್ಲ, ನಾನೇ ಹೊಡೆದೆ. ಅಯ್ಯನೋರು ಗೋಡೆ ದಾಟಲಿಲ್ಲ. ಒಳಗೇ ನಿಂತು ಪುಸ್ತಕ ಬಿಚ್ಚಿದರು, ಓದಿದ್ದರಲ್ಲಿ ಅರ್ಧ ಗಾಳಿಗೆ ಹೋಯಿತು. ಸಭೆಯವರೂ ಅವರ ಹಿಂದೆಯೇ ನಿಂತಿದ್ದರು. ಗೋಡೆಯ ಈಚೆಗೆ ನಾನು, ಅಮ್ಮ ಮತ್ತು ಗುದ್ದಲಿ ಹಿಡಿದ ಬೆಟ್ಟಯ್ಯ. ನಾನು ಹೇಳಿದ್ದಂತೆ ಅವನು ಅಪ್ಪನ ಸಮಾಧಿಯ ಪಶ್ಚಿಮಕ್ಕೆ, ಅಮ್ಮನ ಕಾಲು ಅಪ್ಪನ ಮಗ್ಗುಲಿಗೆ ತಾಗುವಂತೆ ಅಡ್ಡಡ್ಡ ತೋಡಿದ್ದ. ಅವನಿಗೆ ಅದು ಸರಿ ಕಾಣಲಿಲ್ಲ.

"ಗಂಡ ಉದ್ದಕ್ಕೆ, ಹೆಂಡ್ತಿ ಅಡ್ಡಕ್ಕೆ. ಯಾಕವ್ವ ಹಿಂಗೆ? ಇಬ್ರೂ ಒಂದೇ ಕಡೀಕ್ ಮಲಗಿದ್ರೆ ಚೆನ್ನಾಗಿರ್ತಿತ್ತು."

ಅದನ್ನೇ ನಾನೂ ಅಮ್ಮನನ್ನು ಕೇಳಿದ್ದೆ. ಅವಳು ಹೇಳಿದ್ದನ್ನು ಗೋಡೆಯಾಚೆಯವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ:

"ಆವತ್ತು ಎದ್ದಾಗ ಅವ್ರು ಉತ್ತರಕ್ಕೆ ನೋಡ್ಕೊಂಡು ದಿಕ್ಕು ಕಾಣ್ದೆ ನಿಂತಿರ್ತಾರೆ ಕಣೇ. ನಾನು ಎದ್ದ ಕೂಡ್ಲೆ ಅವ್ರೇ ನನ್ ಮುಂದಿರ್ಬೇಕು. ಹೆಗಲು ಹಿಡ್ದು ತಿರುಗಿಸ್ತೀನಿ. ಅವ್ರು ನೋಡಿದ್ಮೇಲೆ ನಾನು ಸ್ವಾಮೀನ ನೋಡ್ತೀನಿ."